ಅಮಲ್ದಾರ್ ದೇವರ ವಿಭೂತಿ

"ನಗ್ತೀರಾ? ನಮ್ಮ ದೇವರ ಮುಂದೆ ನಿಂತ್ಕೊಂಡು ನಗ್ತೀರಾ!"

ಮಲ್ಲಿಕಾಂಬ ಕೈಲಿದ್ದ ಹೂಬುಟ್ಟಿಯನ್ನು ದಡಕ್ಕನೆ ಕೆಳಗಿಟ್ಟಳು. ಷಡಕ್ಷರಿ ಬಾಯಿಗೆ ಕೈ ಅಡ್ಡ ಹಿಡಿದ. ಮೈಸೂರಿನ ಮ್ಯೂಸಿಯಮ್ಮಿನವನು; ಹಳೆಯ ಕಾಲದ ಅಚ್ಚಿನ ಗೇಲಿಚಿತ್ರಗಳನ್ನು ಹುಡುಕುತ್ತ ಬೆಳಗಿನ ರೈಲಿಗೆ ಶಿವನಿಯಲ್ಲಿ ಇಳಿದು, ಮನೆಮನೆ ವಿಚಾರಿಸುತ್ತ ಇಲ್ಲಿಗೆ ಬಂದಿದ್ದ. ಎಪ್ಪತ್ತೆಂಟರ ಸುಗ್ಗಿ ಕಾಲ.

ದೇವರ ಪಟಗಳ ಸಾಲಿನಲ್ಲಿ, ಗಾಜಿಲ್ಲದ ಚೌಕಟ್ಟಿನಲ್ಲಿ, ಉಯ್ಯಾಲೆಯ ಮೇಲೊಬ್ಬ ಡೊಳ್ಳುಹೊಟ್ಟೆಯವನು. ಪೇಟ, ಹುರಿಮೀಸೆ. ಕಾಲೊತ್ತುತ್ತಿರುವ ಬೆಕ್ಕು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

"ತಪ್ಪು ತಿಳೀಬೇಡಿ... ಇವರು ದೇವರಲ್ಲ ಕಣ್ರೀ, ಅಮಲ್ದಾರ್ರು! ಲಂಚ ತಿಂದು ಹೊಟ್ಟೆ ಬೆಳೆಸಿದೋರನ್ನ ಆಡ್ಕೊಳ್ಳೋಕೆ ಯಾರೋ ಅಚ್ಚು ಹಾಕ್ಸಿದ್ದು."

ಅಜ್ಜಿ ಕಾಶಮ್ಮ 'ಹೊಟ್ಟಪ್ಪಯ್ಯ' ಎಂದು ದಿನವೂ ಪೂಜಿಸುತ್ತಿದ್ದ ದೇವರು! ಹೋದ ಶ್ರಾವಣದಲ್ಲಿ ತೀರಿಕೊಳ್ಳುವ ಮುನ್ನ ಅವಳು ನಡುಗುವ ಬೆರಳಲ್ಲಿ ಹಚ್ಚಿದ್ದ ವಿಭೂತಿ ಅದು. ಆಮೇಲೆ ಯಾರೂ ಮುಟ್ಟಿರಲಿಲ್ಲ.

ತಂದೆ ತೀರ್ಥಪ್ಪ ನಾಚಿಕೆಯಿಂದ ಪಟ ಇಳಿಸಿದರು. "ಊರಿಗೆ ಗೊತ್ತಾದ್ರೆ ನಗ್ತಾರೆ. ಒಯ್ದುಬಿಡಪ್ಪಾ."

ಮಲ್ಲಿಕಾಂಬ ಬಾಗಿಲವರೆಗೂ ಬಂದಳು. "ವಿಭೂತಿ... ಒರೆಸ್ತೀರಾ?"

"ಒರೆಸ್ಲೇಬೇಕು. ಚಿತ್ರ ಉಳೀಬೇಕಲ್ಲ..."

'ಅಜ್ಜಿಯ ಬೆರಳ ಗುರುತು ಉಳಿದದ್ದು ಅದೊಂದೇ...' ಅವಳು ದಡಾರನೆ ಬಾಗಿಲು ಹಾಕಿಕೊಂಡಳು.

ಆದರೂ ಷಡಕ್ಷರಿಯ ಮುಖ ಮರೆಯಾಗಲಿಲ್ಲ. ರಾಗಿ ಬೀಸುವಾಗ, ಬುಕ್ಕಾಂಬುಧಿ ಕೆರೆಯ ನೀರು ಸಂಜೆಗೆ ಹೊಳೆಯುವಾಗ, ದೂರದಲ್ಲಿ ರೈಲು ಕೂಗಿದಾಗ... ಮೊದಲು ಆ ನಗು, ಆಮೇಲೆ ಹೊಸ್ತಿಲಾಚೆ ಬಾಡಿದ ಆ ಕಣ್ಣು.

'ಎಷ್ಟು ಚೆನ್ನಾಗಿ ನಕ್ಕಿದ್ದ! ಛೇ, ನನಗೇನಾಗಿದೆ?'

ಯುಗಾದಿಯ ಹಿಂದೆಯೇ ಷಡಕ್ಷರಿ ಮತ್ತೆ ಬಂದ. ಜಗಲಿಯ ಮೇಲೆ ಮೆಲ್ಲಗೆ ಒಂದು ಫೋಟೋ ಇಟ್ಟ.

"ಪ್ರದರ್ಶನಕ್ಕೆ ಇಟ್ಟಿದೀವಿ. ನೋಡಿ."

ಅದೇ ಉಯ್ಯಾಲೆ, ಅದೇ ಬೆಕ್ಕು... ಹಣೆಯ ಮೇಲೆ ಅದೇ ಮೂರು ಗೆರೆ!

"ಒರೆಸ್ಲಿಲ್ವಾ?"

"ಹತ್ತಿ ಹಿಡ್ಕೊಂಡು ಕೂತೆ. ಗೆರೆ ನಡುಗಿರೋದು ಕಾಣ್ತು... ಕೈ ಬರ್ಲಿಲ್ಲ. ಗೇಲಿ ಮಾಡ್ದೋನ ಕೈ ಇದ್ದಂಗೆ ಪೂಜೆ ಮಾಡ್ದೋಳ ಕೈನೂ ಈ ಚಿತ್ರದಲ್ಲಿರ್ಲಿ ಅಂತ ಸಾಹೇಬ್ರ ಹತ್ರ ಹಠ ಹಿಡ್ದೆ. ಬೈದ್ರು. ಆಮೇಲೆ ಒಪ್ಪಿದ್ರು."

ಅವಳ ಕಣ್ಣು ಮಂಜಾಯಿತು. ಆ ಮಂಜಿನೊಳಗಿಂದಲೇ ಕಿಸಕ್ಕನೆ ನಗು ಬಂತು.

"ಅಜ್ಜಿ ಆ ಬೆಕ್ಕಿಗೂ ಹಾಲು ಎಡೆ ಇಡ್ತಿದ್ಲು ಕಣ್ರೀ!"

ಷಡಕ್ಷರಿ ನಗಲಿಲ್ಲ. ಅವಳನ್ನೇ ನೋಡುತ್ತಿದ್ದ.

"ನಗಿ... ಈಗ ಪರವಾಗಿಲ್ಲ."

"ನಿಮ್ಮನ್ನ ನೋಡ್ತಾ ಮರ್ತೇಬಿಟ್ಟೆ. ಮಲ್ಲಿಕಾ... ನಿಮ್ಮನ್ನ ಕೊಡ್ತೀರಾ ಅಂತ ನಿಮ್ಮಪ್ಪನ್ನ ಕೇಳ್ಲಾ?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಒಳಗೆ ಗೋಡೆಯಲ್ಲಿ ಹೊಟ್ಟಪ್ಪಯ್ಯನ ಮೊಳೆ ಖಾಲಿಯಾಗಿಯೇ ಇತ್ತು.

"ನಿಮಗೂ ಹಂಗೇ ಹೊಟ್ಟೆ ಬಂದ್ರೆ?"

"ಬಂದ್ರೆ?"

"ವಿಭೂತಿ ಹಚ್ಚಿ ಕೂರಿಸ್ಬಿಡ್ತೀನಿ!"

"ಹಚ್ಚು," ಎಂದ ಅವನು ಮೆತ್ತಗೆ. "ನಾನಂತೂ ಒರೆಸಲ್ಲ..."