ಅಂಗೈ ಮೇಲಿನ ಹಿಮ್ಮಡಿ

ಎಡಗಾಲಿಗೆ ಲಕ್ವ ಹೊಡೆದಿದೆ ಎಂದವನು ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ!

ಅವನ ತೋಳು ಡಾಕ್ಟರಮ್ಮನ ಕುತ್ತಿಗೆಯ ಸುತ್ತ.

"ಬಾಗ್ಲು ಬಿಟ್ಟು ಈಚೆ ಬಾ ಸಾರ್... ಇಲ್ದಿದ್ರೆ ಇವಳ ಗೋಣು ಮುರೀತೀನಿ!"

ನಾನು ಜೈಲಿನ ಎಸ್ಕಾರ್ಟ್ ಅಧಿಕಾರಿ, ಈ ಕೈದಿಯನ್ನು ಆಸ್ಪತ್ರೆಗೆ ಕರೆತಂದವನು. ಸೊಂಟ ಮುಟ್ಟಿಕೊಂಡೆ. ಖಾಲಿ! ಆ ಕೋಣೆಯ ಎಂಆರ್‌ಐ ಸ್ಕ್ಯಾನಿಂಗ್ ಯಂತ್ರ ಅಂದರೆ ದೈತ್ಯ ಅಯಸ್ಕಾಂತ ಕಣ್ರೀ. ಪಿಸ್ತೂಲು, ಬೇಡಿ, ಬೀಗದ ಕೈ... ಕಬ್ಬಿಣದ್ದೆಲ್ಲ ಹೊರಗೆ ಲಾಕರಿನಲ್ಲಿ.

ಅವನಿಗೆ ಬೇಕಾಗಿದ್ದದ್ದೂ ಅದೇ. ಬೇಡಿಯಿಲ್ಲದ ಒಂದು ಕೋಣೆ! ಎರಡು ಸಲ ಜೈಲಿನಿಂದ ಓಡಿದವನು. ಅಲ್ಲಿ ಅವನ ಹೆಸರೇ ಜಿಂಕೆ.

ಬೆಳಿಗ್ಗೆ ಡಾಕ್ಟರಮ್ಮ ಅವನನ್ನು ಮಲಗಿಸಿ, ಎಡ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟಿದ್ದರು.

"ಬಲಗಾಲು ಎತ್ತಪ್ಪಾ."

ಎತ್ತಿದ. ಲಕ್ವದ ಹಿಮ್ಮಡಿ ಅವರ ಅಂಗೈಯನ್ನು ಗಟ್ಟಿಯಾಗಿ ಒತ್ತಿತು!

"ಕಾಲಲ್ಲಿ ಬಲ ಇದೆ ಸಾಹೇಬ್ರೇ."

"ಹಾಗಾದ್ರೆ ಕಳ್ಳ!"

"ಅದನ್ನ ನನ್ನ ಕೈ ಹೇಳಲ್ಲ. ಬಲ ಇದ್ರೂ ಮನಸ್ಸೇ ಕಾಲನ್ನ ಕಟ್ಟಿಹಾಕಿರುತ್ತೆ ಕೆಲವರಿಗೆ. ಅವರು ಸುಳ್ಳು ಹೇಳ್ತಿರಲ್ಲ. ಸ್ಕ್ಯಾನ್ ಮಾಡ್ಬಿಡೋಣ... ಬೇಡಿ ಬಿಚ್ಚೋಕೆ ಸಹಿ ಹಾಕೋದು, ಬಿಡೋದು ನಿಮ್ಮಿಷ್ಟ."

ಕಳೆದ ತಿಂಗಳು ಇನ್ನೊಬ್ಬ ಕೈದಿ ಎದೆ ಹಿಡಿದುಕೊಂಡು ಕುಸಿದಿದ್ದ. "ಏಳೋ ನಾಟಕದವನೇ!" ಎಂದು ಗದರಿಸಿದ್ದೆ.

ಅವನು ಏಳಲೇ ಇಲ್ಲ.

ಸಹಿ ಹಾಕಿದೆ.

ಈಗ ಡಾಕ್ಟರಮ್ಮನ ತುಟಿ ನೀಲಿಗಟ್ಟುತ್ತಿತ್ತು. ಜಿಂಕೆ ಅವರನ್ನು ಎಳೆದುಕೊಂಡೇ ಬಾಗಿಲಿನತ್ತ ಬಂದ. ಸರಿದರೆ ಅವರನ್ನೂ ಕರೆದೊಯ್ಯುತ್ತಾನೆ. ಸರಿಯದಿದ್ದರೆ...

ನಾನು ಎದೆ ಹಿಡಿದುಕೊಂಡೆ. ಬಾಗಿಲಿಗೆ ಅಡ್ಡ ಧೊಪ್ಪನೆ ಬಿದ್ದೆ!

"ಹಾರ್ಟ್ ಅಟ್ಯಾಕ್! ಬಿಡೋ ನನ್ನ... ಸತ್ತೋಗ್ತಾರೆ!" ಡಾಕ್ಟರಮ್ಮ ಕೀರಲು ದನಿಯಲ್ಲಿ ಕೂಗಿದರು.

"ನನ್ ಹತ್ರಾನೇ ನಾಟಕಾನಾ? ತಡಿ, ನಾನೂ ಒಂದು ಟೆಸ್ಟ್ ಮಾಡ್ತೀನಿ!"

ಫಟ್! ಅದೇ ಎಡಗಾಲು ನನ್ನ ಬಾಯಿಗೆ ಅಪ್ಪಳಿಸಿತು. ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಬಾಯಿ ತುಂಬ ರಕ್ತ. ನಾನು ಕಮಕ್ ಕಿಮಕ್ ಅನ್ನಲಿಲ್ಲ.

"ಥತ್... ನಿಜವಾಗ್ಲೂ ಹೋದ್ನಾ?"

ಬಗ್ಗಿದ. ತೋಳು ಸಡಿಲವಾಯಿತು. ಡಾಕ್ಟರಮ್ಮ ನುಸುಳಿಕೊಂಡರು. ನಾನು ಆ ಕಾಲನ್ನೇ ತಬ್ಬಿ ಎಳೆದೆ! ಅವನ ತಲೆ ಗೋಡೆಗೆ ಬಡಿಯಿತು. ಕಾರಿಡಾರಿನಿಂದ ಓಡಿಬಂದ ಕಾನ್‌ಸ್ಟೇಬಲ್‌ಗಳು ಮೇಲೆ ಬಿದ್ದರು.

ಡಾಕ್ಟರಮ್ಮ ನನ್ನ ಬಾಯಿಗೆ ಹತ್ತಿ ಒತ್ತಿದರು.

"ಕೈಯೂರಿ ಬಿದ್ರಿ ಸಾಹೇಬ್ರೇ. ಜ್ಞಾನ ತಪ್ಪೋರು ಹಾಗೆ ಬೀಳಲ್ಲ. ನನಗೆ ಆಗ್ಲೇ ಗೊತ್ತಾಯ್ತು."

"ಅವನಿಗೆ ಗೊತ್ತಾಗ್ಲಿಲ್ವಲ್ಲ... ಸಾಕು!"

ಅವರು ನಕ್ಕರು. ಮರುಕ್ಷಣವೇ ಗಂಭೀರರಾದರು.

"ನಾಳೆ ಇನ್ನೊಬ್ಬ ಕಾಲು ಆಡ್ತಿಲ್ಲ ಅಂತ ಬಂದ್ರೆ... ಬೇಡಿ ಬಿಚ್ಚಿಸ್ತೀರಾ?"

ನಾನು ಬಾಯಿಂದ ಹತ್ತಿ ತೆಗೆದೆ.

"ಬಿಚ್ಚಿಸ್ತೀನಿ ಡಾಕ್ಟ್ರೇ... ಬಾಯಲ್ಲಿ ಇನ್ನೂ ಮೂವತ್ತು ಹಲ್ಲಿದೆ!"