ದೃಷ್ಟಿಬೊಟ್ಟಿನ ಮೊಟ್ಟೆ

ಬಹಳ ಬಹಳ ಹಿಂದೆ ಸಿರಿಗೋಡು ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಒಂದು ನೀಲಿ ಹಲ್ಲಿ ಸಾಕಿದ್ದ. ಯಾರಾದರೂ ನಿಜ ಹೇಳಿದರೆ ಅದು ಲೊಚಗುಟ್ಟುತ್ತಿತ್ತು, ಸುಳ್ಳು ಹೇಳಿದರೆ ಸುಮ್ಮನಿರುತ್ತಿತ್ತು. ಹಲ್ಲಿ ಲೊಚಗುಟ್ಟದೆ ಆ ರಾಜ್ಯದಲ್ಲಿ ನ್ಯಾಯವೇ ತೀರುತ್ತಿರಲಿಲ್ಲ.

ಒಂದು ದಿನ ರಾಜನ ನಿದ್ದೆ ಕಳುವಾಯಿತು. ಕದ್ದವನು ಆಸ್ಥಾನದ ಮಂತ್ರವಾದಿ ಧೂಮಾಕ್ಷ. ನೂರು ವರ್ಷದಿಂದ ಕಣ್ಣು ಮುಚ್ಚದಿದ್ದ ಆತ ರಾಜನ ನಿದ್ದೆಯನ್ನು ನುಂಗಿ, ಮೂರು ಹೊತ್ತೂ ಗೊರಕೆ ಹೊಡೆಯತೊಡಗಿದ. ಯಾರಿಗೂ ಅನುಮಾನ ಬರಲಿಲ್ಲ. ದೊಡ್ಡವರ ಗೊರಕೆಯನ್ನು ಧ್ಯಾನ ಎನ್ನುವ ಕಾಲ ಅದು. ಗುಟ್ಟು ರಟ್ಟಾಗಬಾರದೆಂದು ಅವನು ಹಲ್ಲಿಗೆ ವಿಷ ಹಾಕಿ ಕೊಂದ. ತಪ್ಪನ್ನು ರಾಜನ ಹಾಸಿಗೆ ಹಾಸುವ ಬೊಮ್ಮಣ್ಣನ ತಲೆಗೆ ಕಟ್ಟಿದ.

ಆದರೆ ಹಲ್ಲಿ ಸಾಯುವ ಮುಂಚೆ ಮೂರು ಮೊಟ್ಟೆ ಇಟ್ಟಿತ್ತು. ಕೆಂಗಣ್ಣಿನ ರಾಜ ಹೇಳಿದ: "ಐವತ್ತು ದಿನ ಕಾಯುತ್ತೇನೆ. ಮರಿಯಾಗಿ ಲೊಚಗುಟ್ಟಿದರೆ ಸರಿ. ಇಲ್ಲವಾದರೆ ಬೊಮ್ಮಣ್ಣನಿಗೆ ಶೂಲವೇ ಗತಿ."

ಬೊಮ್ಮಣ್ಣನ ತಂಗಿ ದೇವೀರಿ ಮುಂದೆ ಬಂದು ಸೆರಗಿನಲ್ಲಿ ಮೊಟ್ಟೆಗಳನ್ನು ಕಟ್ಟಿಕೊಂಡಳು. ಅರಮನೆಗೆ ಕೋಳಿಮರಿ ಮಾಡಿಸಿಕೊಡುವವಳು ಅವಳೇ. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಷ್ಟ ಬಂದದ್ದೂ ಅದರಿಂದಲೇ.

ಅವಳು ಮೊಟ್ಟೆಗಳನ್ನು ಕಾವಿಗೆ ಕೂತ ಕೋಳಿಯ ಕೆಳಗಿಟ್ಟಳು. ಕೋಳಿ ಕೊಕ್ಕಿನಿಂದ ತಿರುವಿ ಹಾಕಿತು. ಸಾಲದೆಂದು ದೇವೀರಿಯೂ ಅವ್ವ ಕಲಿಸಿದಂತೆ ಬೆಳಿಗ್ಗೆ ಸಂಜೆ ತಿರುವಿ ಹಾಕಿದಳು. ಎಂಟನೇ ದಿನ ಒಂದು ಮೊಟ್ಟೆ ಕಪ್ಪಾಗಿ ನಾರಿತು. ದೇವೀರಿ ಗೊಳೋ ಎಂದು ಅತ್ತಳು.

ಪಕ್ಕದ ಮನೆಯ ನಂಜವ್ವ ಗದರಿದಳು. "ಅಲ್ಲ ಕಣವ್ವಾ, ಹಲ್ಲಿ ಯಾವತ್ತಾದ್ರೂ ಕಾವಿಗೆ ಕೂತಿದ್ದು ನೋಡಿದ್ದೀಯಾ? ಇಟ್ಟು ತನ್ನ ಪಾಡಿಗೆ ಹೋಗ್ತದೆ. ಇಟ್ಟಿದ್ದು ಇಟ್ಟ ಹಾಗೇ ಇರಬೇಕು. ನಿನ್ನ ಕೈ ವಸಿ ಸುಮ್ನಿರಲಿ!"

ದೇವೀರಿ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಉಳಿದ ಎರಡು ಮೊಟ್ಟೆಗಳನ್ನು ಅದರಲ್ಲಿಟ್ಟು, ಮಡಕೆಯನ್ನು ಬಚ್ಚಲ ಒಲೆಯ ಬೆಚ್ಚನೆ ಗೋಡೆಗೆ ಒರಗಿಸಿದಳು. ಹಸುಗೂಸಿಗೆ ಇಡುವಂತೆ ಎರಡರ ನೆತ್ತಿಗೂ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. ಆಮೇಲೆ ಮುಟ್ಟಲಿಲ್ಲ.

ಮೂವತ್ತನೇ ದಿನ ಒಬ್ಬ ಬಳೆಗಾರ್ತಿ ಬಂದು ನೀರು ಕೇಳಿದಳು. ದೇವೀರಿ ನೀರು ತರುವಷ್ಟರಲ್ಲಿ ಅವಳು ಮಾಯ. ಮಡಕೆಯಲ್ಲಿ ಒಂದು ಮೊಟ್ಟೆಯ ಬೊಟ್ಟು ಕಾಣಲಿಲ್ಲ! ಬೊಟ್ಟು ಕೆಳಗಾಗಿತ್ತು. ಬಳೆಗಾರ್ತಿಯ ವೇಷದಲ್ಲಿ ಬಂದವನು ಧೂಮಾಕ್ಷನೇ. ದೇವೀರಿ ಕೂಡಲೇ ಬೊಟ್ಟನ್ನು ಮೇಲೆ ಮಾಡಿದಳು. ಆದರೂ ಎರಡು ದಿನದಲ್ಲಿ ಆ ಮೊಟ್ಟೆ ಬತ್ತಿಹೋಯಿತು.

ಇನ್ನು ಉಳಿದದ್ದು ಒಂದೇ ಮೊಟ್ಟೆ, ಒಬ್ಬನೇ ಅಣ್ಣ. ದೇವೀರಿ ಮನೆ ಬಿಟ್ಟು ಕದಲಲಿಲ್ಲ.

ನಲವತ್ತೊಂಬತ್ತನೇ ದಿನ ಮೊಟ್ಟೆ ಕೂದಲೆಳೆಯಷ್ಟು ಬಿರಿಯಿತು. ಅಷ್ಟೇ, ಮುಂದೆ ಅಲುಗಾಟವಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು.

"ನಾನು ಸೂಲಗಿತ್ತಿ ಮಗಳೇ. ಮರಿಗೆ ಉಸಿರು ಕಟ್ಟುತ್ತಿದೆ. ಉಗುರಿನಿಂದ ಸಿಪ್ಪೆ ಬಿಡಿಸು. ನಾಳೆ ನಿನ್ನಣ್ಣನಿಗೆ ಶೂಲ, ನೆನಪಿದೆಯಾ?"

ದೇವೀರಿಯ ಬೆರಳು ಚಡಪಡಿಸಿತು. ಎಷ್ಟೋ ಕೋಳಿಮರಿಗಳನ್ನು ಆ ಬೆರಳೇ ಹೊರಗೆ ತಂದಿತ್ತು. "ನನ್ನ ಕೈ ಸುಮ್ಮನಿರಲಿ ತಾಯೀ," ಎಂದು ಮನೆದೇವರನ್ನು ಬೇಡಿಕೊಂಡು, ತನ್ನೆರಡು ಕೈಗಳ ಮೇಲೆ ತಾನೇ ಕೂತುಬಿಟ್ಟಳು. ಮುದುಕಿ ಬೇಡಿದಳು, ಬೈದಳು, ಶಪಿಸಿದಳು. ದೇವೀರಿ ಏಳಲಿಲ್ಲ, ಮುದುಕಿಗೆ ಮಡಕೆಯ ದಾರಿಯನ್ನೂ ಬಿಡಲಿಲ್ಲ. ಒಳಗೆ ಮರಿ ತನ್ನ ಪಾಲಿನ ಹಳದಿಯನ್ನು ನಿಧಾನವಾಗಿ ಹೀರಿ ಮುಗಿಸುತ್ತಿತ್ತು. ಮಧ್ಯಾಹ್ನ ತಿರುಗಿದ ಮೇಲೆ ಸಿಪ್ಪೆ ಸೀಳಿ ನೀಲಿ ಮೂತಿಯೊಂದು ಹೊರಗೆ ಬಂತು. ಮುದುಕಿ ಕಾಗೆಯಾಗಿ ಹಾರಿಹೋದಳು.

ಮರುದಿನ ತುಂಬಿದ ಸಭೆ. ಸಂಕೋಲೆಯಲ್ಲಿ ಬೊಮ್ಮಣ್ಣ. ಕಿರುಬೆರಳಿಗಿಂತ ಚಿಕ್ಕ ಮರಿ ಕಂಬ ಹತ್ತಿ ಸೂರಿಗೆ ಅಂಟಿಕೊಂಡಿತು.

ಧೂಮಾಕ್ಷ ಎದ್ದು ಹೇಳಿದ: "ನಿದ್ದೆ ಕದ್ದವನು ಬೊಮ್ಮಣ್ಣ."

ಮರಿ ಸುಮ್ಮನಿತ್ತು.

"ನನ್ನಣ್ಣ ಕದ್ದಿಲ್ಲ!" ಎಂದಳು ದೇವೀರಿ.

ಮರಿ ಆಗಲೂ ಸುಮ್ಮನಿತ್ತು. ಮರಿ ಬಾಲ ಅಲ್ಲಾಡಿಸಿತು, ಗಂಟಲು ಉಬ್ಬಿಸಿತು. ಆಮೇಲೆ, "ಲೊಚ್, ಲೊಚ್, ಲೊಚ್!"

ಲೊಚಗುಟ್ಟಿದ ರಭಸಕ್ಕೆ ಕಾಲು ಜಾರಿ ನೇರ ಧೂಮಾಕ್ಷನ ತಲೆಯ ಮೇಲೆ ಬಿತ್ತು. ತಲೆ ಮೇಲೆ ಹಲ್ಲಿ ಬಿದ್ದರೆ ಸಾವು ಎಂಬ ಭಯ ಮಂತ್ರವಾದಿಗೂ ಇತ್ತು. "ಅಯ್ಯೋ!" ಎಂದು ಬಾಯಿ ತೆರೆದ. ಒಳಗಿದ್ದ ನಿದ್ದೆ ಹೊಗೆಯಾಗಿ ಹೊರಬಂದು ರಾಜನ ಮೂಗು ಸೇರಿತು. ನಿದ್ದೆಗೆಟ್ಟ ನೂರು ವರ್ಷ ಒಮ್ಮೆಲೇ ಮೈಮೇಲೆ ಬಿದ್ದು ಧೂಮಾಕ್ಷ ಬೂದಿಯಾದ.

"ಬೊಮ್ಮಣ್ಣನನ್ನು ಬಿಡು..." ಎಂದ ರಾಜ ಆಕಳಿಸಿ, ಸಿಂಹಾಸನದಲ್ಲೇ ಮಲಗಿಬಿಟ್ಟ. ಉಳಿದದ್ದನ್ನು ಮಂತ್ರಿ ಪಿಸುದನಿಯಲ್ಲಿ ಹೇಳಿದ. ಸಭೆ ತುಂಬ ಜನ ತುದಿಗಾಲಲ್ಲಿ ನಡೆಯುತ್ತ ನಕ್ಕರು.

ಮನೆಗೆ ಬಂದ ಬೊಮ್ಮಣ್ಣ ತಂಗಿಯ ಕೈ ಹಿಡಿದು ನೋಡಿದ. "ಇದೇನವ್ವಾ, ಕೈಯೆಲ್ಲ ಹೀಗೆ ಕಂದಿದೆ? ಏನು ಮಾಡಿದೆ?"

"ಏನೂ ಮಾಡಲಿಲ್ಲ ಕಣಣ್ಣಾ," ಎಂದು ದೇವೀರಿ ಅಳುತ್ತಲೇ ನಕ್ಕಳು.

ಗೋಡೆಯ ಮೇಲಿಂದ ಮರಿ ಲೊಚಗುಟ್ಟಿತು. ಅಂದಿನಿಂದ ಸಿರಿಗೋಡಿನಲ್ಲಿ ರಾಜನಿಂದ ಹಿಡಿದು ಕೋಳಿಯವರೆಗೆ ಎಲ್ಲರೂ ಕಣ್ತುಂಬ ನಿದ್ದೆ ಮಾಡಿಕೊಂಡು ಸುಖವಾಗಿದ್ದರು.