ಹೆಸರು ಕೊರೆದ ಗಂಟೆ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಇಷ್ಟೇ: ನಾರ್ತ್ ಕ್ರೀಕ್‌ನ ಹೊಸ ಮನೆಯೊಂದರ ದೇವರ ಕೋಣೆಯಿಂದ ಗಂಟೆ ಕಳುವಾಗಿದೆ. ದೂರುದಾರ ಇಂಜಿನಿಯರ್ ಧನಂಜಯ. ಅನುಮಾನ ಯಾರ ಮೇಲೆ ಎಂದಾಗ ಮನೆ ಕ್ಲೀನ್ ಮಾಡುವ ಹೆಂಗಸಿನ ಹೆಸರು ಬರೆಸಿದ್ದ. ಪಾಪ, ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ಅಂಥವರೇ. ತನಿಖೆ ಮೈಸೂರು ಮೂಲದ ಡಿಟೆಕ್ಟಿವ್ ಜಾಹ್ನವಿಯ ಪಾಲಿಗೆ ಬಂತು.

ಪರದೇಶದ ಆ ಠಾಣೆಯಲ್ಲಿ ಪಂಚನಾಮೆ ಎಂಬ ಪದವಿಲ್ಲ, ಕೆಲಸ ಮಾತ್ರ ಅದೇ. ಜಾಹ್ನವಿ ಧನಂಜಯನ ಮನೆಗೆ ಹೋಗಿ ನೋಡಿದಳು. ಬಾಗಿಲು ಮುರಿದಿರಲಿಲ್ಲ. ಬೆಳ್ಳಿ ದೀಪ, ಬೆಳ್ಳಿ ಗಣೇಶ ಇದ್ದಲ್ಲೇ ಇದ್ದವು.

"ಗಂಟೆ ಎಲ್ಲಿ ತಂದಿದ್ದು?" ಜಾಹ್ನವಿ ಕೇಳಿದಳು.

"ಹಿತ್ತಲು ಅಗೆಯುವಾಗ ಸಿಕ್ತು ಮೇಡಂ," ಎಂದ ಧನಂಜಯ. "ಹಸುವಿನ ಕೊರಳಿನದು. ಗೃಹಪ್ರವೇಶಕ್ಕೆ ಹಸು ತರೋಕೆ ಲೇಔಟಿನವ್ರು ಪರ್ಮಿಷನ್ ಕೊಡ್ಲಿಲ್ಲ. ಅಮ್ಮ ಇದನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಹಚ್ಚಿ, ಹಸು ಬದಲು ಒಳಗೆ ತಂದ್ರು."

"ನಮ್ ಮನೆಗೆ ಗೋಮಾತೆ ಬಂದಿದ್ದೇ ಅದ್ರಲ್ಲಿ ಕಣವ್ವ," ತಾಯಿ ಸಿದ್ದಮ್ಮ ಕಣ್ಣೊರೆಸಿಕೊಂಡರು. "ಅದಿಲ್ದೆ ದೀಪ ಹಚ್ಚಕ್ಕೇ ಮನಸ್ಸು ಬತ್ತಿಲ್ಲ."

ಧನಂಜಯ ಫೋನಿನಲ್ಲಿ ಫೋಟೋ ತೋರಿಸಿದ. ಅರಿಶಿನದಡಿ ಯು, ಎ ಎಂಬ ಎರಡು ಇಂಗ್ಲಿಷ್ ಅಕ್ಷರ ಕೊರೆದಿದ್ದವು.

"ಇದೇನು?"

"ಕಂಪನಿ ಮಾರ್ಕ್ ಇರ್ಬೇಕು."

ಅಡುಗೆಮನೆ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿಯೊಂದಿತ್ತು. ಮುಚ್ಚಳದ ಮೇಲೆ 'ಸಿದ್ದಮ್ಮ, ಮದ್ದೂರು' ಎಂದು ಹೆಸರು ಕೊರೆಸಿತ್ತು. ಒಳಗೆ ಸೇಬು.

"ಇದು ಯಾವಾಗ ಬಂತು ಅಜ್ಜಿ?"

"ನಿನ್ನೆ. ಮುಂದ್ಲ ಬಾಗ್ಲು ತೆಗ್ದೇ ಇತ್ತು, ನಾ ಹಿತ್ಲಲ್ಲಿದ್ದೆ. ಮಗ ತಂದಿಟ್ಟವ್ನೆ ಅನ್ಕಂಡೆ."

"ನಾನಲ್ಲಮ್ಮ," ಎಂದ ಮಗ.

"ಇದ್ರಲ್ಲಿ ಯಾರಿಗೆ ಏನು ಕೊಟ್ಟಿದ್ರಿ?"

"ಪೂಜೆಗೆ ಬಂದಿದ್ದ ಮೂರ್ಮನೆ ಆಚೆ ತಾತಂಗೆ ಸಜ್ಜಿಗೆ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಮೊಮ್ಮಗಳ ಕೈಲಿ ಹೇಳ್ಸಿದ್ದೆ."

ತಾತನ ಹೆಸರು ವಾಲ್ಟರ್ ಆಮ್‌ಸ್ಟುಟ್ಸ್. ಮನೆತನದ ಹೆಸರಿನ ಮೊದಲಕ್ಷರ ಎ. ಜಾಹ್ನವಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

ವಾಲ್ಟರ್ ಎರಡನೇ ಪ್ರಶ್ನೆಗೆ ಕಾಯಲಿಲ್ಲ. ಗಂಟೆ ಅವನ ಮೇಜಿನ ಮೇಲೇ ಇತ್ತು. ಇಂಗ್ಲಿಷಿನಲ್ಲಿ ಅವನು ಕೊಟ್ಟ ಹೇಳಿಕೆಯ ಸಾರ: ಮುತ್ತಜ್ಜ ಉಲ್ರಿಚ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಸ್ವಿಟ್ಜರ್ಲೆಂಡಿನಿಂದ ಬಂದು ಇದೇ ನಾರ್ತ್ ಕ್ರೀಕ್ ಹಳ್ಳದ ದಡದಲ್ಲಿ ಹಸು ಸಾಕಿದ. ಪ್ರತಿ ಗಂಟೆಯ ಮೇಲೂ ತನ್ನ ಹೆಸರಿನ, ಮನೆತನದ ಹೆಸರಿನ ಮೊದಲಕ್ಷರ ಕೊರೆಸುತ್ತಿದ್ದ. ಮುಂದೆ ಮನೆಗೆ ಬಿದ್ದ ಬೆಂಕಿಯಲ್ಲಿ ಎಲ್ಲ ಹೋಯಿತು. ಫೋಟೋ ಇಲ್ಲ, ಸಮಾಧಿ ಎಲ್ಲಿದೆಯೋ ಗೊತ್ತಿಲ್ಲ. ವಾಲ್ಟರ್ ಮತ್ತು ಅವನ ಅಕ್ಕ ಮುತ್ತಜ್ಜನ ಒಂದು ಗುರುತಿಗಾಗಿ ಅರ್ಧ ಆಯುಸ್ಸು ಹುಡುಕಿದ್ದರು. ಅಕ್ಕ ಈಗ ಶೋರ್‌ಲೈನ್‌ನ ಆರೈಕೆ ಮನೆಯಲ್ಲಿದ್ದಾಳೆ. ಕಣ್ಣು ಹೋಗಿದೆ, ಡಾಕ್ಟರರು ಕೈಚೆಲ್ಲಿದ್ದಾರೆ.

"ಕೇಳಬಹುದಿತ್ತಲ್ಲ?"

"ಪೂಜೆಯ ದಿನ ಎಲ್ಲರೂ ಅದಕ್ಕೆ ಕೈ ಮುಗಿದರು. ಅವರ ದೇವರನ್ನು ಕೊಡಿ ಎಂದು ಹೇಗೆ ಕೇಳಲಿ? ಡಬ್ಬಿ ಕೊಡಲೆಂದೇ ಹೋಗಿದ್ದೆ. ಯಾರೂ ಕಾಣಲಿಲ್ಲ."

"ಅಕ್ಕನಿಗೆ ಕೊಟ್ರಾ?"

"ಇಲ್ಲ. ಕದ್ದದ್ದನ್ನು ಅವಳ ಕೈಗೆ ಇಡಲಾಗಲಿಲ್ಲ."

ಜಾಹ್ನವಿ ಅವನನ್ನು ಬಂಧಿಸಿದಳು. ಹೇಳಿಕೆಗೆ ಸಹಿ ಹಾಕಿಸಿ ಸಂಜೆಗೆ ಬಿಟ್ಟಳು. ವರದಿಯಲ್ಲಿ ಕಾರಣ ಎಂಬಲ್ಲಿ ಬರೆದಳು: ಅಕ್ಕನಿಗೆ ಮುತ್ತಜ್ಜನ ಹೆಸರು ಮುಟ್ಟಿಸಲು. ಧನಂಜಯ ದೂರು ಬೇಡವೆಂದು ಬರೆದುಕೊಟ್ಟ. ಕ್ಲೀನಿಂಗ್ ಹೆಂಗಸಿಗೆ ತಾನೇ ಕಾಲ್ ಮಾಡಿ ಕ್ಷಮೆ ಕೇಳಿದ. ಸರ್ಕಾರಿ ವಕೀಲರೂ ಕೇಸು ಅಲ್ಲಿಗೇ ಮುಗಿಸಿದರು.

ವಾಪಸ್ ಬಂದ ಗಂಟೆಯ ಅಕ್ಷರಗಳನ್ನು ಸಿದ್ದಮ್ಮ ಸವರಿ ನೋಡಿದರು. "ಹೆಸ್ರು ಕೊರೆಸಿರೋ ಸಾಮಾನು ಹೆಸ್ರಿನೋರಿಗೇ ಸೇರ್ಬೇಕು. ನಡಿ ಮಗ."

ಆ ವಾರವೇ ಎಲ್ಲರೂ ಶೋರ್‌ಲೈನ್‌ಗೆ ಹೋದರು. ಸಿದ್ದಮ್ಮ ಗಂಟೆಯನ್ನು ಮಗುಚಿ, ತುಂಬ ಕಲ್ಲುಸಕ್ಕರೆ ಹಾಕಿ, ವಾಲ್ಟರನ ಅಕ್ಕನ ಮಡಿಲಲ್ಲಿಟ್ಟರು. ಅವಳ ಬೆರಳು ಹುಡುಕುತ್ತಾ ಹೋಗಿ ಮೊದಲ ಅಕ್ಷರದ ಮೇಲೆ ನಿಂತಿತು. ಮುದುಕಿ ಸಿದ್ದಮ್ಮನ ಕೈ ಹಿಡಿದು ಥ್ಯಾಂಕ್ ಯು ಎಂದಳು. ಕೈ ಬಿಡಲಿಲ್ಲ.

"ನಾನು ಹೇಳ್ಬೇಕಾದ್ದನ್ನ ಆಯಮ್ಮ ಹೇಳ್ತಾವ್ಳೆ," ಎಂದರು ಸಿದ್ದಮ್ಮ ಜಾಹ್ನವಿಯ ಕಡೆ ತಿರುಗಿ. "ನಮ್ ಮನೆಗೆ ಹಸ ಕಳ್ಸಿದ್ದು ಅವ್ರ ಅಜ್ಜ ಅಂತ ಹೇಳವ್ವ."